ಹೋದ ಹಂಗಾಮು ಟೊಮೆಟೊ ಕೈಕೊಟ್ಟಿದ್ದರೆ ಈ ಸಲ ಅರ್ಕ ರಕ್ಷಕ್ ಹಾಕಿ ನೋಡಿ: ಹುಬ್ಬಳ್ಳಿ-ಧಾರವಾಡದ ಹಿತ್ತಲಿಗೊಂದು ಬೀಜವಿಮರ್ಶೆ

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ರಕ್ಷಕ್ ಹೈಬ್ರಿಡ್ ಟೊಮೆಟೊ ಬೀಜಕ್ಕೆ ನಮ್ಮ ಹಿತ್ತಲು ಮತ್ತು ಮಾಳಿಗೆ ತೋಟದ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಅಂಕ. ಒಂದು ಅಂಕ ಕಡಿಮೆಯಾದದ್ದು ರುಚಿಗೆ ಮತ್ತು ಪೊಟ್ಟಣಕ್ಕೆ: ಸಾರಿಗೆ ಬೇಕಾದ ಹುಳಿ ಜವಾರಿ ಹಣ್ಣಿನಷ್ಟು ಇದರಲ್ಲಿಲ್ಲ, ಪೊಟ್ಟಣದಲ್ಲಿ ಬರುವ ಬೀಜ ಒಂದು ಮನೆಗೆ ತೀರ ಹೆಚ್ಚು. ಉಳಿದ ನಾಲ್ಕೂ ಅಂಕ ಅದು ದುಡಿದು ಗಳಿಸಿದ್ದು. ಹೋದ ವರ್ಷ ಗಿಡ ಮುದುಡಿ, ಸೊರಗಿ, ಹಣ್ಣು ಕೊಳೆತು, ಖಾಲಿ ಗ್ರೋ ಬ್ಯಾಗ್‌ಗಳನ್ನು ಮಾಳಿಗೆಯ ಮೂಲೆಗೆ ಒಟ್ಟಿದವರು ಟೊಮೆಟೊ ನಮ್ಮ ಮನೆಗಲ್ಲ ಎಂದು ತೀರ್ಮಾನಿಸುವ ಮುಂಚೆ ಈ ಬೀಜಕ್ಕೊಂದು ಹಂಗಾಮು ಕೊಡುವುದು ನ್ಯಾಯ. ಆದರೆ ಬೀಜ ಯಾವ ತೊಂದರೆಯನ್ನು ತಡೆಯುತ್ತದೆ, ಯಾವುದನ್ನು ತಡೆಯುವುದಿಲ್ಲ ಎಂಬುದು ಮೊದಲೇ ತಿಳಿದಿರಬೇಕು. ಇಲ್ಲದಿದ್ದರೆ ಎರಡನೇ ವರ್ಷದ ನಿರಾಸೆಗೂ ಬೀಜವನ್ನೇ ಬೈಯುವಂತಾಗುತ್ತದೆ.

ಅರ್ಕ ರಕ್ಷಕ್ ಮೂರು ರೋಗಗಳನ್ನು ತಡೆದುಕೊಳ್ಳುವ ತಳಿ: ಬಿಳಿ ನೊಣದಿಂದ ಬರುವ ಎಲೆ ಮುಟುರು ನಂಜುರೋಗ, ಮಣ್ಣಿನಿಂದ ಬರುವ ದುಂಡಾಣು ಸೊರಗು ರೋಗ, ಮತ್ತು ಆಲ್ಟರ್ನೇರಿಯಾ ಎಂಬ ಶಿಲೀಂಧ್ರದ ಎಲೆ ಅಂಗಮಾರಿ. ಹಣ್ಣು ಸುಮಾರು 90ರಿಂದ 100 ಗ್ರಾಂ, ತುಸು ಚೌಕನೆಯ ದುಂಡು, ಕಡುಗೆಂಪು, ಸಿಪ್ಪೆಯ ಕೆಳಗೆ ದಪ್ಪ ತಿರುಳು. ಸಂಸ್ಥೆ ಹೇಳುವ ಇಳುವರಿ ಹೆಕ್ಟೇರಿಗೆ 75ರಿಂದ 80 ಟನ್, ಬೆಳೆಯ ಅವಧಿ 140 ದಿನದ ಆಸುಪಾಸು. ಗಿಡದ ಲೆಕ್ಕಕ್ಕೆ ಇಳಿಸಿದರೆ, ಸಾಲಿನಿಂದ ಸಾಲಿಗೆ 100 ಸೆಂ.ಮೀ., ಗಿಡದಿಂದ ಗಿಡಕ್ಕೆ 60 ಸೆಂ.ಮೀ. ಬಿಟ್ಟ ಹೊಲದಲ್ಲಿ ಒಂದು ಗಿಡಕ್ಕೆ ನಾಲ್ಕೂವರೆ ಕಿಲೋ ಆಗುತ್ತದೆ. ಇದೇ ತಳಿಯ ಒಂದು ಗಿಡ 19 ಕಿಲೋ ಕೊಟ್ಟ ಸುದ್ದಿ 2015ರ ಹೊತ್ತಿಗೆ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಅದು ಚಿಕ್ಕಬಳ್ಳಾಪುರ ಸೀಮೆಯ ಹೊಲದ ಬೆಳೆ. 40 ಲೀಟರ್ ಮಣ್ಣಿನ ಚೀಲದಲ್ಲಿ ಬೇರು ಓಡಾಡುವ ಜಾಗವೇ ಅಷ್ಟಿಲ್ಲ. ಮಾಳಿಗೆ ಮೇಲೆ ಒಂದು ಗಿಡದಿಂದ ಎರಡರಿಂದ ಮೂರು ಕಿಲೋ ಬಂದರೆ ಒಳ್ಳೆಯ ಬೆಳೆ, ನಾಲ್ಕು ಬಂದರೆ ಉತ್ತಮ ಬೆಳೆ. ಆರು ಗಿಡವಿದ್ದರೆ ನಾಲ್ಕು ಜನರ ಮನೆಗೆ ಡಿಸೆಂಬರ್‌ನಿಂದ ಫೆಬ್ರುವರಿ ತನಕ ಸಂತೆಯ ಟೊಮೆಟೊ ಬಹುಪಾಲು ತಪ್ಪುತ್ತದೆ.

ಬೀಜ ತರಿಸುವ ಮುಂಚೆ ಹೋದ ವರ್ಷದ ಗಿಡ ಹೇಗೆ ಸತ್ತಿತು ಎಂದು ನೆನಪಿಸಿಕೊಳ್ಳಿ. ಫೋನಿನಲ್ಲಿ ಫೋಟೋ ಇದ್ದರೆ ತೆಗೆದು ನೋಡಿ.

ತುದಿ ಎಲೆಗಳು ಸಣ್ಣಗಾಗಿ, ಅಂಚು ಹಳದಿಯಾಗಿ ಮೇಲಕ್ಕೆ ಮಡಚಿಕೊಂಡು, ಗೆಣ್ಣುಗಳ ನಡುವಿನ ಅಂತರ ಕುಗ್ಗಿ ಗಿಡ ಗಿಡ್ಡಾಗಿ, ಹೂವು ಬಂದರೂ ಕಾಯಿ ಕಚ್ಚದೆ ಉಳಿದಿದ್ದರೆ ಅದು ಎಲೆ ಮುಟುರು. ಇಲ್ಲಿನ ಹಿತ್ತಲುಗಳಲ್ಲಿ ಟೊಮೆಟೊ ಕೆಡುವುದಕ್ಕೆ ದೊಡ್ಡ ಕಾರಣ ಇದೇ. ಈ ನಂಜು ಬೀಜದಿಂದ ಬರುವುದು ತೀರ ಅಪರೂಪ. ತರುವುದು ಬಿಳಿ ನೊಣ. ಒಮ್ಮೆ ನಂಜು ಹೊತ್ತ ನೊಣ ಹೆಚ್ಚುಕಡಿಮೆ ಸಾಯುವತನಕ ಅದನ್ನು ಹೊತ್ತೇ ತಿರುಗುತ್ತದೆ. ಗಿಡಕ್ಕೆ ತಗುಲಿದ ಮೇಲೆ ಲಕ್ಷಣ ಕಾಣಲು ಎರಡು-ಮೂರು ವಾರ ಬೇಕು. ಹೀಗಾಗಿ ರಸ್ತೆಬದಿಯ ನರ್ಸರಿಯಲ್ಲಿ ಹಚ್ಚಗೆ ನಿಂತ ಅಗಿ (ನಾಟಿಯ ಸಸಿ) ಆಗಲೇ ನಂಜು ತಿಂದಿರಬಹುದು, ಕೊಂಡವರಿಗೆ ಗೊತ್ತಾಗುವುದು ಹೂ ಬಿಡುವ ಹೊತ್ತಿಗೆ. ಖಾಲಿ ಸೈಟಿನ ಕಾಂಗ್ರೆಸ್ ಕಸದ ಮೇಲೂ, ಪಕ್ಕದ ಮನೆಯ ಬದನೆ-ಬೆಂಡೆಯ ಮೇಲೂ ಈ ನೊಣ ವರ್ಷವಿಡೀ ಬದುಕುತ್ತದೆ. ಎಲೆ ಮುದುಡಿದ ಮೇಲೆ ಎಷ್ಟು ಔಷಧಿ ಹೊಡೆದರೂ ಆ ಗಿಡ ಸುಧಾರಿಸುವುದಿಲ್ಲ. ಅರ್ಕ ರಕ್ಷಕ್ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇಂಥ ಹಿತ್ತಲಿಗೆ.

ಹಾಗೆಂದು ನಿರೋಧಕ ತಳಿಗೆ ರೋಗ ಸುಳಿಯುವುದೇ ಇಲ್ಲ ಎಂದು ತಿಳಿಯಬೇಡಿ. ಸಸಿಯಾಗಿದ್ದಾಗಲೇ ನೊಣ ಮುತ್ತಿದರೆ, ಅದರಲ್ಲೂ ಫೆಬ್ರುವರಿ-ಮೇ ನಡುವೆ, ಇದರಲ್ಲೂ ತುದಿ ಎಲೆ ಸ್ವಲ್ಪ ಮಡಚುವುದು ಕಾಣುತ್ತದೆ. ಜವಾರಿ ಗಿಡ ಅಲ್ಲಿಗೇ ನಿಲ್ಲುತ್ತದೆ, ಇದು ಬೆಳೆದು ಕಾಯಿ ಹಿಡಿಯುತ್ತದೆ. ಅದಕ್ಕೆ ಮೊದಲ 25 ದಿನ ಅಗಿಯನ್ನು ನೊಣದಿಂದ ಕಾಯುವ ಕೆಲಸ ಯಾವ ಬೀಜ ತಂದರೂ ತಪ್ಪದು.

ಗಿಡ ಹಸಿರಾಗಿದ್ದಂತೆಯೇ ಎರಡು-ಮೂರು ದಿನದಲ್ಲಿ ಬಾಡಿ ಕುಸಿದಿದ್ದರೆ ದುಂಡಾಣು ಸೊರಗು ಇರಬಹುದು. ಖಾತ್ರಿ ಮಾಡಿಕೊಳ್ಳುವುದು ಸುಲಭ: ಬುಡದ ಕಾಂಡವನ್ನು ನಾಲ್ಕು ಬೆರಳು ಉದ್ದಕ್ಕೆ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿಯಷ್ಟೇ ಮುಳುಗುವಂತೆ ಅಲುಗಾಡಿಸದೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಕತ್ತರಿಸಿದ ಜಾಗದಿಂದ ಹಾಲಿನಂಥ ಎಳೆ ಕೆಳಕ್ಕೆ ಇಳಿದರೆ ಅದೇ ರೋಗ. ಧಾರವಾಡ ಜಿಲ್ಲೆಯ ಪಶ್ಚಿಮಕ್ಕೆ, ಕಲಘಟಗಿ-ಅಳ್ನಾವರ ಕಡೆಯ ಕೆಂಪು ಮಣ್ಣಿನಲ್ಲಿ, ಮಳೆ ಹೆಚ್ಚಿದ್ದಲ್ಲಿ ಇದರ ಭಯ ಹೆಚ್ಚು. ಬಟಾಟಿ, ಬದನೆ, ಮೆಣಸಿನಗಿಡ ಇದ್ದ ಮಡಿಯಲ್ಲೇ ಮತ್ತೆ ಟೊಮೆಟೊ ಹಚ್ಚಿದರೆ ರೋಗಾಣು ಮಣ್ಣಿನಲ್ಲಿ ಕಾಯ್ದೇ ಕುಳಿತಿರುತ್ತದೆ. ಅರ್ಕ ರಕ್ಷಕ್ ಇದನ್ನೂ ತಡೆಯುತ್ತದೆ. ಎಳೆ ಇಳಿಯದಿದ್ದರೆ ಬೇರು ಕಿತ್ತು ನೋಡಿ. ಬೇರಿನ ತುಂಬ ಗಂಟು ಗಂಟಾಗಿ ಉಬ್ಬಿದ್ದರೆ ಅದು ಬೇರುಗಂಟು ಜಂತುಹುಳು. ಅದಕ್ಕೆ ಈ ಬೀಜವೊಂದೇ ಸಾಲದು, ಮಣ್ಣನ್ನೇ ಸರಿ ಮಾಡಬೇಕು.

ಕೆಳಗಿನ ಹಳೆಯ ಎಲೆಗಳಲ್ಲಿ ಉಂಗುರದೊಳಗೆ ಉಂಗುರವಿದ್ದಂಥ ಕಂದು ಚುಕ್ಕೆ ಬಂದು, ಮಳೆಯ ಜೊತೆ ಮೇಲಕ್ಕೆ ಹತ್ತಿದ್ದರೆ ಅದು ಎಲೆ ಅಂಗಮಾರಿ. ಈ ಬೀಜ ತಡೆಯುವ ಮೂರನೆಯ ರೋಗ ಅದೇ.

ಇನ್ನು ಬೀಜದ ಕೈ ಮೀರಿದ ತೊಂದರೆಗಳು. ಎಳೆಯ ಎಲೆ ಕಂಚಿನ ಬಣ್ಣಕ್ಕೆ ತಿರುಗಿ, ತುದಿ ಸುಟ್ಟಂತಾಗಿ, ಕಾಯಿ ಮೇಲೆ ಹಳದಿ ಉಂಗುರ ಬಿದ್ದರೆ ಅದು ಥ್ರಿಪ್ಸ್ ನುಸಿಯಿಂದ ಹರಡುವ ಮೊಗ್ಗು ಸಾಯುವ ನಂಜು. ಸಂಸ್ಥೆ ಹೇಳುವ ಮೂರು ರೋಗಗಳ ಪಟ್ಟಿಯಲ್ಲಿ ಇದಿಲ್ಲ. ಅಂಥ ಗಿಡವನ್ನು ಕಂಡ ದಿನವೇ ಕಿತ್ತು ಚೀಲದಲ್ಲಿ ಕಟ್ಟಿ ಹೊರಹಾಕಬೇಕು. ಮೋಡ, ಮಂಜು, ತಂಪು ಒಟ್ಟಿಗೆ ಬಂದಾಗ ಎಲೆ-ಕಾಂಡ ಬೆಂದಂತೆ ಕಪ್ಪಾಗುವ ಕೊನೆ ಅಂಗಮಾರಿಯೂ ಇದರ ಪಟ್ಟಿಯಲ್ಲಿಲ್ಲ. ಕಾಯಿ ಕೊರಕಕ್ಕೂ ಎಲೆಯೊಳಗೆ ಸುರಂಗ ತೋಡುವ ಟೂಟಾ ಹುಳಕ್ಕೂ ತಳಿಯ ಭೇದವಿಲ್ಲ. ಚಳಿಗಾಲದ ಕೊನೆಗೆ ಎಲೆ ಮೇಲೆ ಬೂದಿ ರೋಗವೂ ಬರುತ್ತದೆ. ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ಗ್ರಾಂ ಬೆರೆಸಿ ಬೆಳಗಿನ ತಂಪಿನಲ್ಲಿ ಹೊಡೆದರೆ ಅದು ಹತೋಟಿಗೆ ಬರುತ್ತದೆ.

ಹಣ್ಣಿನ ತಳ ಕಪ್ಪಾಗುವ ತೊಂದರೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅವಳಿ ನಗರದಲ್ಲಿ ಇದರ ಮೂಲ ನಲ್ಲಿಯಲ್ಲಿದೆ. ಕಾಯಿ ನಿಂಬೆಹಣ್ಣಿನ ಗಾತ್ರಕ್ಕೆ ಬಂದಾಗ ತಳದಲ್ಲಿ ನೀರು ತುಂಬಿದಂಥ ಕಲೆ ಮೂಡುತ್ತದೆ. ವಾರದಲ್ಲಿ ಅದು ಕಪ್ಪಾಗಿ, ಚರ್ಮದಂತೆ ಒಣಗಿ, ಒಳಕ್ಕೆ ಕುಳಿ ಬೀಳುತ್ತದೆ. ಕಾಯಿಯ ತುದಿಗೆ ಸುಣ್ಣದ ಅಂಶ ತಲುಪದಿದ್ದಾಗ ಹೀಗಾಗುತ್ತದೆ ಎಂಬುದು ನಿಜ. ಅದಕ್ಕೇ ತತ್ತಿ ಸಿಪ್ಪೆ ಪುಡಿ ಮಾಡಿ ಹಾಕುವ ಸಲಹೆ ಎಲ್ಲ ಕಡೆ ಓಡಾಡುತ್ತದೆ. ಆದರೆ ಹುಬ್ಬಳ್ಳಿ, ನವಲಗುಂದ, ಗದಗ ಸೀಮೆಯ ಎರಿಮಣ್ಣಿನಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಸುಣ್ಣಕ್ಕೇನು ಬರ? ಅಗೆದರೆ ಸುಣ್ಣದ ಹರಳೇ ಸಿಗುತ್ತವೆ. ಕೊರತೆ ಇರುವುದು ಸಾಗಾಟದಲ್ಲಿ. ಸುಣ್ಣ ಗಿಡದೊಳಗೆ ನೀರಿನ ಜೊತೆಗೇ ಚಲಿಸುವಂಥದ್ದು. ನೀರು ನಿಂತರೆ ಅದೂ ನಿಲ್ಲುತ್ತದೆ. ಮಲಪ್ರಭಾ ನೀರು ಇಲ್ಲಿನ ಹಲವು ಬಡಾವಣೆಗಳಿಗೆ ಕೆಲವು ದಿನಕ್ಕೊಮ್ಮೆ ಬರುತ್ತದೆ. ನೀರು ಬಂದ ದಿನ ಚೀಲ ತುಂಬಿ ಹರಿಯುವಷ್ಟು ಹಾಕಿ, ಮುಂದಿನ ಸರದಿ ತನಕ ಬರಡು ಬಿಟ್ಟರೆ, ಅರ್ಕ ರಕ್ಷಕ್ ಆಗಲಿ ಬೇರೆ ಯಾವ ತಳಿಯಾಗಲಿ ತಳ ಕಪ್ಪಾಗದೆ ಇರದು. ದಪ್ಪ ಹಣ್ಣಿನ ತಳಿಗಳಿಗೆ ಈ ತೊಂದರೆ ಇನ್ನೂ ಜಾಸ್ತಿ. ಉದ್ದಗಿನ ಒಣಗಾಲದ ನಂತರ ಒಮ್ಮೆಲೇ ನೀರು ಕುಡಿದ ಹಣ್ಣು ಸೀಳುವುದೂ ಇದೇ ಕಾರಣಕ್ಕೆ.

ಪರಿಹಾರ ಒಂದು 200 ಲೀಟರ್ ಡ್ರಮ್. ಆರು ಗಿಡಕ್ಕೆ ಹೂ-ಕಾಯಿ ಹಂತದಲ್ಲಿ ದಿನಕ್ಕೆ ಗಿಡವೊಂದಕ್ಕೆ 2ರಿಂದ 3 ಲೀಟರ್ ಎಂದರೂ 200 ಲೀಟರ್ ನೀರು ಹನ್ನೊಂದು ದಿನದಿಂದ ಹದಿನಾರು ದಿನದ ತನಕ ಬರುತ್ತದೆ. ಬೆಳಿಗ್ಗೆ ಒಂದೇ ಹೊತ್ತಿಗೆ, ಬುಡಕ್ಕೆ ಮಾತ್ರ, ಎಲೆ ನೆನೆಯದಂತೆ ಹಾಕಬೇಕು. ಮಾರ್ಚ್ ಬಿಸಿಲಿನಲ್ಲಿ ಅದನ್ನೇ ಬೆಳಿಗ್ಗೆ-ಸಂಜೆ ಎರಡು ಪಾಲು ಮಾಡಿ ನಾಲ್ಕು ಲೀಟರಿಗೆ ಏರಿಸಬೇಕು. ಮಣ್ಣಿನ ಮೇಲೆ ಮೂರು ಬೆರಳು ದಪ್ಪ ಹೊದಿಕೆ ಹಾಕಿ: ಕಬ್ಬಿನ ರವದಿ, ಜೋಳದ ಕಣಿಕೆಯ ತುಂಡು, ಶೇಂಗಾ ಹೊಟ್ಟು, ಯಾವುದು ಸಿಕ್ಕರೂ ಸರಿ. ಕಾಂಡಕ್ಕೆ ತಾಗದಂತೆ ಎರಡು ಬೆರಳು ಜಾಗ ಬಿಡಿ. ಡ್ರಮ್ಮಿಗೆ ಸೊಳ್ಳೆ ಹೋಗದಂತೆ ಬಟ್ಟೆ ಕಟ್ಟುವುದನ್ನು ಮರೆಯಬೇಡಿ.

ಮಣ್ಣಿನ ವಿಷಯಕ್ಕೆ ಬಂದರೆ, ಹೊಲದ ಎರಿಮಣ್ಣನ್ನೇ ಚೀಲಕ್ಕೆ ತುಂಬುವುದು ಹುಬ್ಬಳ್ಳಿಯ ಮಾಳಿಗೆ ತೋಟಗಳಲ್ಲಿ ಎಲ್ಲೆಡೆ ಕಾಣುವ ತಪ್ಪು. ಒಣಗಿದ ಎರಿ ಕುಗ್ಗಿ ಚೀಲದ ಗೋಡೆಯಿಂದ ಬೆರಳು ತೂರುವಷ್ಟು ದೂರ ಸರಿಯುತ್ತದೆ. ಹಾಕಿದ ನೀರು ಆ ಸಂದಿಯಿಂದ ನೇರ ಕೆಳಗಿಳಿದು ತೂತಿನಿಂದ ಹೊರಗೆ ಹೋಗುತ್ತದೆ, ನಡುವಿನ ಹೆಂಟೆ ಒಣಗಿಯೇ ಇರುತ್ತದೆ. ಕೆಳಗೆ ನೀರು ಹರಿದದ್ದು ನೋಡಿ ಗಿಡ ಕುಡಿದಿದೆ ಎಂದು ನಾವು ತಿಳಿಯುತ್ತೇವೆ. ಮಳೆಗಾಲದಲ್ಲಿ ಇದರ ಉಲ್ಟಾ: ಅದೇ ಮಣ್ಣು ಅಂಟಾಗಿ ನೀರು ಬಸಿಯದೆ ಬೇರು ಉಸಿರು ಕಟ್ಟುತ್ತದೆ.

15 ಇಂಚು ಅಗಲ, 15 ಇಂಚು ಎತ್ತರದ ಚೀಲ ಸುಮಾರು 40 ಲೀಟರ್ ಹಿಡಿಯುತ್ತದೆ. ಟೊಮೆಟೊಗೆ ಇದಕ್ಕಿಂತ ಸಣ್ಣದು ಬೇಡ, ಒಂದರಲ್ಲಿ ಒಂದೇ ಗಿಡ. ಧಾರವಾಡ ಕಡೆಯ ಕೆಂಪು ಮಣ್ಣು ಅಥವಾ ಮಸಾರಿ ಎರಡು ಪಾಲು, ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು, ಪೂರ್ತಿ ಕಳಿತ ತಿಪ್ಪೆ ಗೊಬ್ಬರ ಅಥವಾ ಎರೆಗೊಬ್ಬರ ಒಂದು ಪಾಲು, ಚೀಲಕ್ಕೆ 150ರಿಂದ 200 ಗ್ರಾಂ ಬೇವಿನ ಹಿಂಡಿ. ಎರಿಮಣ್ಣು ಬಿಟ್ಟು ಬೇರೆ ಸಿಗದಿದ್ದರೆ ಅದನ್ನು ನಾಲ್ಕರಲ್ಲಿ ಒಂದು ಪಾಲಿಗೆ ಇಳಿಸಿ, ದಪ್ಪ ಮರಳು ಒಂದು ಪಾಲು ಸೇರಿಸಿ. ಗೊಬ್ಬರ ಹಸಿಯಿದ್ದರೆ ಬಿಸಿಗೆ ಬೇರು ಸುಡುತ್ತದೆ, ಗೊಣ್ಣೆಹುಳುವೂ ಬರುತ್ತದೆ. ಹಿಡಿಯಲ್ಲಿ ಹಿಸುಕಿದರೆ ಸಗಣಿ ವಾಸನೆ ಬರಬಾರದು. ಐದು ಕಿಲೋ ಕೊಕೊಪೀಟ್ ಇಟ್ಟಿಗೆಯನ್ನು ನೆನೆಸಿ, ಎರಡು ಸಲ ನೀರು ಬದಲಿಸಿ ಹಿಂಡಿದ ಮೇಲೆಯೇ ಬಳಸಬೇಕು. ತೊಳೆಯದ ಕೊಕೊಪೀಟಿನ ಉಪ್ಪಿಗೆ ಅಗಿಯ ಎಲೆ ಅಂಚು ಸುಡುವುದು ಸಾಮಾನ್ಯ. ನೆಲದಲ್ಲೇ ಹಚ್ಚುವವರು, ಎರಿಯಾದರೆ, ಗೇಣಿಗಿಂತ ಎತ್ತರದ ಏರುಮಡಿ ಮಾಡಿಕೊಳ್ಳಿ.

ಹೋದ ವರ್ಷದ ಮಣ್ಣು ಎಸೆಯಬೇಕಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಚೀಲಗಳ ಮಣ್ಣನ್ನು ಬಿಸಿಲು ಬೀಳುವ ಕಡೆ ಗೇಣೆತ್ತರ ಹರವಿ, ಹದವಾಗಿ ನೀರು ಹಾಕಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚನ್ನು ಮಣ್ಣಿನಿಂದ ಮುಚ್ಚಿ ನಾಲ್ಕರಿಂದ ಆರು ವಾರ ಬಿಡಿ. ಹಾಳೆ ಕಪ್ಪು ಬಣ್ಣದ್ದಾಗಬಾರದು, ಮಣ್ಣು ಒಣಗಿರಬಾರದು. ಹಸಿ ಮಣ್ಣಿಗೆ ಕಾವು ಆಳಕ್ಕೆ ಇಳಿಯುತ್ತದೆ. ಜಂತುಹುಳು, ಕಸದ ಬೀಜ, ಬಹಳಷ್ಟು ಶಿಲೀಂಧ್ರ ಸಾಯುತ್ತವೆ. ಒಳ್ಳೆಯ ಜೀವಾಣುಗಳೂ ಸಾಯುವುದರಿಂದ ಆಮೇಲೆ ಗೊಬ್ಬರ ಮತ್ತು ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿ ಬೆರೆಸಿ ಎರಡು ವಾರ ನೆರಳಲ್ಲಿಡಬೇಕು. ನಮ್ಮ ಬೇಸಿಗೆ ಸುಡುತ್ತದೆ ಎಂದು ಬೈಯುವುದರ ಬದಲು ಅದರಿಂದ ಇಷ್ಟು ಕೆಲಸ ಮಾಡಿಸಿಕೊಳ್ಳಬಹುದು.

ಬೀಜಕ್ಕಿಂತಲೂ ಹೆಚ್ಚು ತೂಗುವುದು ದಿನಾಂಕ. ಅರ್ಕ ರಕ್ಷಕ್ ಮೂರೂ ಹಂಗಾಮಿಗೆ ಹೊಂದುತ್ತದೆ ಎಂದು ಸಂಸ್ಥೆ ಹೇಳುತ್ತದೆ, ಹೊಲದ ಮಟ್ಟಿಗೆ ಅದು ಸರಿ. ಮನೆ ತೋಟಕ್ಕೆ, ಅದೂ ಒಮ್ಮೆ ಸೋತವರಿಗೆ, ಒಂದೇ ಹಂಗಾಮು ಸೂಚಿಸಬಹುದು: ಆಗಸ್ಟ್ ಕೊನೆಯ ವಾರದಿಂದ ಸಪ್ಟೆಂಬರ್ ಮೊದಲ ವಾರದೊಳಗೆ ಬೀಜ, ದಸರಾ ಆಸುಪಾಸಿಗೆ ನಾಟಿ. ಆ ಹೊತ್ತಿಗೆ ಶ್ರಾವಣದ ಜಿಟಿಜಿಟಿ ಮಳೆ ಹಿಂದೆ ಸರಿದಿರುತ್ತದೆ. ನವೆಂಬರ್‌ನಲ್ಲಿ ಹೂ, ಡಿಸೆಂಬರ್ ಮೊದಲರ್ಧದಲ್ಲಿ ಮೊದಲ ಹಣ್ಣು, ಎಳ್ಳ ಅಮಾವಾಸ್ಯೆ ಹೊತ್ತಿಗೆ ಬುಟ್ಟಿ ತುಂಬ. ಟೊಮೆಟೊ ಹೂ ಕಾಯಿ ಕಚ್ಚಲು ರಾತ್ರಿಯ ತಾಪ 15ರಿಂದ 20 ಡಿಗ್ರಿ ಇದ್ದರೆ ಚೊಲೊ. ಇಲ್ಲಿನ ನವೆಂಬರ್-ಜನವರಿ ರಾತ್ರಿಗಳು ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ತಣಿಯದಿದ್ದರೆ ಪರಾಗ ಕೆಲಸ ಮಾಡದೆ ಹೂ ತೊಟ್ಟಿನ ಗೆಣ್ಣಿನಲ್ಲಿ ಕಳಚಿ ಬೀಳುತ್ತದೆ. ಯುಗಾದಿ ಸುಮಾರಿಗೆ ಹೂ ಬಿಡುವಂತೆ ಹಚ್ಚಿದವರ ಗಿಡದಲ್ಲಿ ಹೂವಿದ್ದೂ ಕಾಯಿಲ್ಲದ್ದಕ್ಕೆ ಇದೇ ಕಾರಣ. ಗೊಬ್ಬರ ಸಾಲಲಿಲ್ಲವೆಂದು ಆಗ ಯೂರಿಯಾ ಹಾಕಿದರೆ ಎಲೆ ಇನ್ನಷ್ಟು ಸೊಕ್ಕಿ ಹೂ ಮತ್ತೂ ಉದುರುತ್ತದೆ.

ಬೀಜ ಹಾಕುವ ಕೆಲಸ ಸಣ್ಣದು. ಅಗಿ ಬೆಳೆಸುವ 98 ಗುಳಿಯ ಪ್ಲಾಸ್ಟಿಕ್ ತಟ್ಟೆ (ಪ್ರೋ ಟ್ರೇ) ಆದರೆ ಅದನ್ನು ಕತ್ತರಿಸಿ ಬೇಕಾದಷ್ಟೇ ಗುಳಿ ಬಳಸಿ. ಚಹಾ ಕಪ್ಪಿನ ತಳಕ್ಕೆ ತೂತು ಮಾಡಿದರೂ ನಡೆಯುತ್ತದೆ. ತೊಳೆದ ಕೊಕೊಪೀಟ್ ತುಂಬಿ, ಅರ್ಧ ಸೆಂ.ಮೀ. ಆಳಕ್ಕೆ ಗುಳಿಗೊಂದು ಬೀಜ. ಐದರಿಂದ ಎಂಟು ದಿನದಲ್ಲಿ ಮೊಳಕೆ. ಮೊಳಕೆ ಕಂಡ ದಿನವೇ ನೆರಳಿನಿಂದ ಬೆಳಕಿಗೆ ತನ್ನಿ. ತಡವಾದರೆ ಅಗಿ ಬಿಳಿಚಿಕೊಂಡು ಉದ್ದ ಜಗ್ಗುತ್ತದೆ. ತಟ್ಟೆಯ ಮೇಲೆ ಕಮಾನು ಬಗ್ಗಿಸಿ 40ರಿಂದ 50 ಮೆಶ್‌ನ ನೈಲಾನ್ ಪರದೆ ಹೊದಿಸಬೇಕು. ಸಾದಾ ಸೊಳ್ಳೆ ಪರದೆಯ ಕಣ್ಣು ದೊಡ್ಡದು, ಬಿಳಿ ನೊಣ ಅದರಲ್ಲಿ ಆರಾಮಾಗಿ ನುಸುಳುತ್ತದೆ. ದುಡ್ಡು ಕೊಟ್ಟು ಬೀಜ ತಂದು ಪರದೆಗೆ ಕೈಬಿಗಿ ಹಿಡಿಯುವುದು ಲಾಭದ ಲೆಕ್ಕವಲ್ಲ. 25ರಿಂದ 28 ದಿನಕ್ಕೆ ನಾಲ್ಕೈದು ಎಲೆ ಬಂದಾಗ, ಸಂಜೆ ಹೊತ್ತು, ಮೊದಲೆರಡು ಎಲೆಯ ಬುಡದ ತನಕ ಮಣ್ಣಿಗೆ ಇಳಿಸಿ ನಾಟಿ ಮಾಡಿ. ಹೂತ ಕಾಂಡದಿಂದಲೂ ಬೇರು ಹೊರಡುತ್ತದೆ.

ಗೂಟ ನಾಟಿಯ ದಿನವೇ ನೆಡಿ, ಆಮೇಲೆ ಚುಚ್ಚಿದರೆ ಬೇರು ಹರಿಯುತ್ತದೆ. ಐದು ಅಡಿಯ ಬಿದಿರು ಸಾಕು. ಈ ತಳಿಯ ಗೊಂಚಲು ಭಾರ, ಹಗ್ಗವನ್ನು ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಬೇಕು. ಮೊದಲ ಹೂಗೊಂಚಲಿನ ಕೆಳಗಿನ ಪಕ್ಕದ ಚಿಗುರನ್ನೆಲ್ಲ ಚಿವುಟಿ, ಮೇಲೆ ಎರಡು-ಮೂರು ಕವಲು ಬಿಡಿ. ಒಂದೇ ಕಾಂಡ ಉಳಿಸುವ ವಿಧಾನ ಪಾಲಿಹೌಸಿನದು. ಇಲ್ಲಿ ಹಾಗೆ ಮಾಡಿದರೆ ಹಣ್ಣಿಗೆ ಎಲೆಯ ನೆರಳಿಲ್ಲದೆ ಬಿಸಿಲಿಗೆ ಬಿಳಿಚಿ ಬೇಯುತ್ತವೆ. ತಂಬಾಕು, ಗುಟ್ಕಾ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಗಿಡ ಮುಟ್ಟಬೇಡಿ, ಮೊಸಾಯಿಕ್ ನಂಜು ಕೈಯಿಂದಲೇ ದಾಟುತ್ತದೆ.

ಪೋಷಣೆಗೆ ನಾಟಿಯಾದ ಎರಡು ವಾರದಿಂದ ಹೂ ಬರುವ ತನಕ ನೀರಿನಲ್ಲಿ ಕರಗುವ 19:19:19 ಗೊಬ್ಬರ (ಅಂಕಿಗಳು ಸಾರಜನಕ, ರಂಜಕ, ಪೊಟ್ಯಾಷ್‌ನ ಪ್ರಮಾಣ) ಲೀಟರಿಗೆ 3 ಗ್ರಾಂ, ಹತ್ತು ದಿನಕ್ಕೊಮ್ಮೆ ಬುಡಕ್ಕೆ. ಕಾಯಿ ಕಚ್ಚಿದ ಮೇಲೆ ಅದನ್ನು ನಿಲ್ಲಿಸಿ 13:0:45 ಲೀಟರಿಗೆ 5 ಗ್ರಾಂ. ಬೋರಿನ ಗಡಸು ನೀರು ಹಾಕುವ ಮನೆಗಳಲ್ಲಿ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುವುದುಂಟು, ಕಬ್ಬಿಣದ ಅಂಶ ಬೇರಿಗೆ ದಕ್ಕದ ಗುರುತು ಅದು. ಇದಕ್ಕೆ ಅದೇ ಸಂಸ್ಥೆಯ ಅರ್ಕ ವೆಜಿಟೇಬಲ್ ಸ್ಪೆಷಲ್ ಎಂಬ ಲಘು ಪೋಷಕಾಂಶಗಳ ಪುಡಿಯನ್ನು ಬೀಜದ ಜೊತೆಗೇ ತರಿಸಿಕೊಳ್ಳುವುದು ಒಳ್ಳೆಯದು. ಟೊಮೆಟೊಗೆ ಲೀಟರಿಗೆ 5 ಗ್ರಾಂ, ಎಲೆಯ ಮೇಲೂ ಕೆಳಗೂ ತಾಗುವಂತೆ ಸಂಜೆ ಸಿಂಪಡಿಸಬೇಕು. ನೀರು ಗಡಸಿದ್ದರೆ ನಿಂಬೆರಸ ಹಿಂಡಿ, ಅಂಟಿಗೆ ಸ್ವಲ್ಪ ಶಾಂಪೂ ಸೇರಿಸಿ. ಹೂವಿನ ಕಾಲದಲ್ಲಿ ಇದರ ಪರಿಣಾಮ ಕಣ್ಣಿಗೆ ಕಾಣುತ್ತದೆ. ಬೀಜದಷ್ಟೇ ಅಂಕ ಇದಕ್ಕೂ ಸಲ್ಲಬೇಕು.

ಹುಳಕ್ಕೆ ಚೆಂಡು ಹೂವಿನ ಉಪಾಯವೂ ಇದೇ ಸಂಸ್ಥೆಯದು: 45 ದಿನದ ಎತ್ತರದ ಚೆಂಡು ಹೂ ಅಗಿ, 25 ದಿನದ ಟೊಮೆಟೊ ಅಗಿ, ಒಂದೇ ದಿನ ನಾಟಿ. ಹೊಲದಲ್ಲಿ ಹದಿನಾರು ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂ. ಎರಡೂ ಒಟ್ಟಿಗೆ ಹೂ ಬಿಟ್ಟಾಗ ಕಾಯಿಕೊರಕದ ಪತಂಗ ಚೆಂಡು ಹೂವಿಗೇ ಮೊಟ್ಟೆಯಿಡಲು ಹೋಗುತ್ತದೆ. ಚೆಂಡು ಹೂವನ್ನು ಟೊಮೆಟೊ ಜೊತೆಗೇ ಬೀಜ ಹಾಕಿದರೆ ಹೂ ತಡವಾಗಿ ಬಂದು ಉಪಾಯ ಕೆಡುತ್ತದೆ, ಇಪ್ಪತ್ತು ದಿನ ಮುಂಚೆ ಹಾಕಬೇಕು. ಮಾಳಿಗೆಗೆ ಆರು ಚೀಲದ ನಡುವೆ ಒಂದು ಚೆಂಡು ಹೂ ಸಾಕು. ಅದರ ಮೊಗ್ಗಿನಲ್ಲಿ ಕಂಡ ಹುಳುಗಳನ್ನು ಆರಿಸಿ ಸಾಯಿಸದಿದ್ದರೆ ನಾವೇ ಹುಳು ಸಾಕಿದಂತೆ. ಬಿಳಿ ನೊಣಕ್ಕೆ ಗಿಡದ ತುದಿಯ ಮಟ್ಟದಲ್ಲಿ ಹಳದಿ ಅಂಟುಹಾಳೆ, ವಾರಕ್ಕೊಮ್ಮೆ ಬಾಟಲಿಯ ಮೇಲೆ 10,000 ಪಿಪಿಎಂ ಎಂದು ಶಕ್ತಿ ನಮೂದಿಸಿದ ಬೇವಿನೆಣ್ಣೆ ಲೀಟರಿಗೆ 2 ಮಿ.ಲೀ., ಎಲೆಯ ಕೆಳಭಾಗ ಪೂರ್ತಿ ತೊಯ್ಯುವಂತೆ.

ಹಣ್ಣಿನ ಬಗ್ಗೆ. ಗಿಡದಲ್ಲೇ ಪೂರ್ತಿ ಕೆಂಪಾಗಿಸಿ ಕಿತ್ತರೆ ರುಚಿಯಲ್ಲಿ ಸಂತೆಯ ಹಣ್ಣನ್ನು ಮೀರಿಸುತ್ತದೆ. ಕಿತ್ತ ಹಣ್ಣು ಅಡುಗೆಮನೆಯ ಬುಟ್ಟಿಯಲ್ಲಿ ಎರಡು ವಾರ ಬಿರುಸಾಗಿಯೇ ಇರುತ್ತದೆ. ಚಟ್ನಿ, ಗೊಜ್ಜು, ಪಲ್ಯದ ಒಗ್ಗರಣೆಗೆ ತಿರುಳು ದಂಡಿಯಾಗಿ ಸಿಗುತ್ತದೆ. ಹಸಿಯಾಗಿ ಹೆಚ್ಚಿ ಶೇಂಗಾ ಪುಡಿ, ಉಳ್ಳಾಗಡ್ಡಿ ಹಾಕಿ ರೊಟ್ಟಿಗೆ ತಿನ್ನಲು ಚೊಲೊ, ಹೋಳು ನೀರು ಬಿಡುವುದಿಲ್ಲ. ಸಾರಿಗೆ ಮಾತ್ರ ಹುಣಸೆ ಒಂದು ಚೂರು ಹೆಚ್ಚೇ ಬೇಕು. ಹುಳಿ ಬಿಡಲು ಮನಸ್ಸಿಲ್ಲದವರು ಆರರಲ್ಲಿ ಎರಡು ಚೀಲ ಜವಾರಿಗೆ ಇಟ್ಟುಕೊಳ್ಳಿ, ಆದರೆ ಮುಟುರು ಬಂದರೆ ಮೊದಲು ಹೋಗುವುದು ಆ ಎರಡೇ.

ಬೀಜ ಕೊಳ್ಳುವುದಕ್ಕೆ ಸಂಸ್ಥೆಯ ಆನ್‌ಲೈನ್ ಬೀಜ ಮಾರಾಟ ಪುಟವೇ ನಂಬಿಕೆಯ ದಾರಿ. ಒಂದು ಗ್ರಾಮಿನಲ್ಲಿ ಸುಮಾರು 300 ಬೀಜ ಇರುತ್ತವೆ, ಓಣಿಯ ಐದಾರು ಮನೆಯವರು ಹಂಚಿಕೊಂಡರೂ ಉಳಿಯುತ್ತದೆ. ಉಳಿದದ್ದನ್ನು ಗಾಳಿಯಾಡದ ಸಣ್ಣ ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಮುಂದಿನ ಎರಡು ಹಂಗಾಮಿಗೂ ಹುಟ್ಟುತ್ತದೆ. ಹಣ್ಣಿನಿಂದ ಬೀಜ ತೆಗೆದು ಮುಂದಿನ ವರ್ಷ ಹಾಕಬೇಡಿ. ಇದು ಹೈಬ್ರಿಡ್, ಎರಡನೇ ಪೀಳಿಗೆಯಲ್ಲಿ ಒಂದು ಗಿಡ ರೋಗ ತಡೆದರೆ ಇನ್ನೊಂದು ತಡೆಯದು, ಹಣ್ಣೂ ನಾನಾ ಆಕಾರಕ್ಕೆ ಬರುತ್ತದೆ. ರಾಣೆಬೆನ್ನೂರು ಸೀಮೆಯಲ್ಲಿ ತರಕಾರಿ ಹೈಬ್ರಿಡ್ ಬೀಜ ಮಾಡುವ ಹೊಲಗಳನ್ನು ನೋಡಿದವರಿಗೆ ಇದರ ಬೆಲೆ ಯಾಕೆ ಹೆಚ್ಚೆಂದು ಹೇಳಬೇಕಿಲ್ಲ: ಒಂದೊಂದು ಹೂವಿನ ಕೇಸರ ಕೈಯಿಂದ ಕಿತ್ತು, ಗಂಡು ಸಾಲಿನ ಪರಾಗ ಕೈಯಿಂದಲೇ ಮುಟ್ಟಿಸುತ್ತಾರೆ. ಬೀಜ ಉಳಿಸಿಕೊಳ್ಳುವುದೇ ಮುಖ್ಯವಾದವರಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ನಂದಿ, ಸಂಕ್ರಾಂತಿ, ವೈಭವ್ ತಳಿಗಳಿವೆ. ಅವು ಮುಟುರು ತಡೆಯುತ್ತವೆ, ಹೈಬ್ರಿಡ್ ಅಲ್ಲ, ಇಳುವರಿ ಕಡಿಮೆ.

ಅರ್ಕ ರಕ್ಷಕ್ ಎಂದು ಹೇಳಿ ಚೀಟಿಯಿಲ್ಲದ ಅಗಿ ಮಾರುವವರಿಂದ ಕೊಳ್ಳದಿರುವುದೇ ಲೇಸು. ಎಲೆ ನೋಡಿ ತಳಿ ಗುರುತಿಸಲು ಆಗದು. ಪೊಟ್ಟಣದ ಮೇಲೆ ಪರೀಕ್ಷೆಯ ದಿನಾಂಕ ಮತ್ತು ಅವಧಿ ನೋಡಿಯೇ ತೆಗೆದುಕೊಳ್ಳಿ. ಧಾರವಾಡದ ಕೃಷಿ ಮೇಳ ಸಾಮಾನ್ಯವಾಗಿ ಸಪ್ಟೆಂಬರಿನಲ್ಲಿ ನಡೆಯುತ್ತದೆ, ಬೀಜಕ್ಕಾಗಿ ಅಲ್ಲಿಯತನಕ ಕಾಯ್ದರೆ ಹಂಗಾಮು ತಪ್ಪುತ್ತದೆ. ಜುಲೈ ಕೊನೆಗೇ ಬೀಜ ತರಿಸಿಟ್ಟುಕೊಂಡು, ಮೇಳಕ್ಕೆ ಅನುಮಾನ ಪರಿಹರಿಸಿಕೊಳ್ಳಲು ಹೋಗಿ. ಗಿಡದ ಕಾಯಿಲೆ ಗುರುತು ಸಿಗದಿದ್ದರೆ ಸೈದಾಪುರ ಫಾರ್ಮಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ರೋಗದ ಟೊಂಗೆಯನ್ನು ಒಣ ಕಾಗದದಲ್ಲಿ ಸುತ್ತಿ ಒಯ್ಯಬಹುದು. ಗದಗಿನವರಿಗೆ ಹುಲಕೋಟಿ, ಹಾವೇರಿಯವರಿಗೆ ಹನುಮನಮಟ್ಟಿ ಕೇಂದ್ರ ಹತ್ತಿರ. ಪ್ಲಾಸ್ಟಿಕ್ ಚೀಲದಲ್ಲಿ ಒಯ್ದರೆ ಬೆವತು ಕೊಳೆತು ಏನೂ ತಿಳಿಯುವುದಿಲ್ಲ.

ಮಳೆಗಾಲದಲ್ಲೇ ಹಚ್ಚುತ್ತೇವೆ ಎನ್ನುವವರು ಅರ್ಕ ರಕ್ಷಕ್ ಬದಲು ಅದೇ ಸಂಸ್ಥೆಯ ಅರ್ಕ ಅಭೇದ್ ಕೇಳಿ. ಈ ಮೂರರ ಜೊತೆಗೆ ಕೊನೆ ಅಂಗಮಾರಿಯನ್ನೂ ಅದು ತಡೆಯುತ್ತದೆ, ಹಣ್ಣಿನ ಗಾತ್ರವೂ ಹೆಚ್ಚುಕಡಿಮೆ ಇಷ್ಟೇ. ಕೆಳಗಿನ ಎಲೆಗಳನ್ನು ನೆಲದಿಂದ ಒಂದು ಗೇಣಿನ ತನಕ ತೆಗೆದು, ಚೀಲಗಳ ನಡುವೆ ಎರಡು ಅಡಿ ಗಾಳಿಯಾಡುವಂತಿಟ್ಟರೆ ಧಾರವಾಡದ ಜುಲೈಯಲ್ಲೂ ಅದನ್ನು ಉಳಿಸಿಕೊಳ್ಳಬಹುದು.